ಕಾಮೆಂಟಿನ ಬಣ್ಣ

ನಾನು ಬಣ್ಣ ಹಚ್ಚುವವಳು ಎಂದು ಹೇಳಿದರೆ ಜನ ಮೊದಲು ನನ್ನ ಉಗುರು ನೋಡುತ್ತಾರೆ. ಉಗುರಿನಲ್ಲಿ ಏನೂ ಇರುವುದಿಲ್ಲ. ನಾನು ಬಣ್ಣ ಹಚ್ಚುವುದು ಬೇರೆಯವರು ಬರೆಯುವ ಪ್ರೋಗ್ರಾಮುಗಳಿಗೆ. ಪ್ರೋಗ್ರಾಂ ಬರೆಯುವವರು ದಿನಕ್ಕೆ ಎಂಟು ಗಂಟೆ ಎಡಿಟರ್ ಎಂಬ ಕಿಟಕಿಯನ್ನು ದಿಟ್ಟಿಸಿಕೊಂಡು ಕೂತಿರುತ್ತಾರೆ. ಅದರಲ್ಲಿ ಆಜ್ಞೆಯ ಪದಗಳಿಗೆ ಒಂದು ಬಣ್ಣ, ಅಂಕಿಗಳಿಗೆ ಒಂದು ಬಣ್ಣ, ಹೆಸರುಗಳಿಗೆ ಇನ್ನೊಂದು. ಎಲ್ಲವೂ ಒಂದೇ ಬಣ್ಣದಲ್ಲಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಸೋತುಹೋಗುತ್ತದೆ. ಯಾವುದಕ್ಕೆ ಯಾವ ಬಣ್ಣ, ಹಿನ್ನೆಲೆ ಎಷ್ಟು ಕಪ್ಪು ಎಂದು ತೀರ್ಮಾನಿಸಿ ಒಂದು ಫೈಲಿನಲ್ಲಿ ಬರೆದಿಟ್ಟರೆ ಅದೇ ಥೀಮ್. ಅಂಥವನ್ನು ಮಾಡಿ ಬಿಟ್ಟಿಯಾಗಿ ಹಂಚುತ್ತಿದ್ದೆ. ಹೊಟ್ಟೆಪಾಡಿಗೆ ಬೇರೆ ಕೆಲಸವಿತ್ತು. ಇದು ನನ್ನ ಹುಚ್ಚು.

“ಕೈಗೆ ಅಂಟದ ಬಣ್ಣ ಎಂಥ ಬಣ್ಣನೇ?” ಎಂದು ಅಮ್ಮ ಕೇಳುತ್ತಿದ್ದಳು. ಈಗ ಕೇಳುವುದಿಲ್ಲ.

ಕಾಮೆಂಟ್ ಎಂದರೇನು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆ ಹಾಳಾಗಿದ್ದು ಅದರಿಂದಲೇ. ಪ್ರೋಗ್ರಾಮಿನ ನಡುನಡುವೆ ಬರೆಯುವವರು ತಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆದಿಡುತ್ತಾರೆ. ಇದನ್ನು ಹೀಗೆ ಯಾಕೆ ಮಾಡಿದೆ, ಇಲ್ಲಿ ಹುಷಾರು, ಅಂತ. ಯಂತ್ರ ಅದನ್ನು ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ. ಮುಂದೆ ಆ ಜಾಗಕ್ಕೆ ಬರುವ ಇನ್ನೊಬ್ಬ ಮನುಷ್ಯನಿಗೆ ಅಂತ ಇಟ್ಟ ಮಾತು ಅದು. ಬಣ್ಣ ಹಚ್ಚುವ ನಮಗೆ ಮಾತ್ರ ಅದು ತಲೆನೋವು. ಕಾಮೆಂಟ್ ಎದ್ದು ಕಂಡರೆ ಕೆಲಸದ ಸಾಲುಗಳು ಮಂಕಾಗುತ್ತವೆ. ಆದ್ದರಿಂದ ಎಲ್ಲ ಥೀಮ್‌ಗಳಲ್ಲೂ ಅದಕ್ಕೆ ಬೂದು ಬಣ್ಣ ಬಳಿದು ಮೂಲೆಗೆ ಕೂರಿಸುತ್ತೇವೆ. ನನ್ನಷ್ಟು ಮೂಲೆಗೆ ಯಾರೂ ಕೂರಿಸಿರಲಿಲ್ಲ.

ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಸೇತುವೆಯ ಆಚೆ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದ. ಅವನಿಗೆ ಕೆಲಸ ಕಲಿಸಿದವರು ಅಲ್ಲಿ ಮೂವತ್ತು ವರ್ಷ ಇದ್ದ ಹಳೆಯ ಎಂಜಿನಿಯರು. ಅವರಿಗೆ ಎಲ್ಲರೂ ‘ಪುರಾಣ’ ಎನ್ನುತ್ತಿದ್ದರು. ಬಾಯಿ ಬಿಟ್ಟರೂ ಪುರಾಣ, ಕಾಮೆಂಟ್ ಬರೆದರೂ ಪುರಾಣ. ಅವರು ನಿವೃತ್ತರಾದ ಮೇಲೆ ಅವರು ಬರೆದಿದ್ದೆಲ್ಲ ತಮ್ಮನ ಕೊರಳಿಗೆ ಬಿತ್ತು.

ಒಂದು ದಿನ ಊಟ ಮಾಡುವಾಗ ಅವನೇ ಶುರು ಮಾಡಿದ. “ಅಕ್ಕ, ಪುರಾಣದವರ ಕಾಮೆಂಟ್ ಓದಿ ಓದಿ ಸಾಕಾಗಿದೆ. ಒಂದು ಸಾಲು ಕೆಲಸ, ಇಪ್ಪತ್ತು ಸಾಲು ಕಥೆ. ಮಂಡಿ ನೋವಿನ ಬಗ್ಗೆ ಬರೀತಾರೆ, ಕ್ಯಾಂಟೀನಿನ ಟೀ ನೀರಾಗಿತ್ತು ಅಂತ ಬರೀತಾರೆ. ಎಲ್ಲ ಕಣ್ಣಿಗೆ ರಾಚುತ್ತೆ.”

“ಅಳಿಸಿ ಹಾಕು,” ಎಂದೆ.

“ಮನಸ್ಸು ಬರಲ್ಲ. ಕೆಲಸ ಕಲಿಸಿದವರಲ್ವಾ? ಇರಲಿ, ಆದ್ರೆ ಕಣ್ಣಿಗೆ ಬೀಳೋದು ಬೇಡ. ನೀನೇ ಏನಾದ್ರೂ ಮಾಡಿಕೊಡು.”

ತಮ್ಮ ಕೇಳಿದ ಅಂತ ಮಾಡಿದೆ. ಎರಡು ವಾರ ಕೂತು ಹೊಸ ಥೀಮ್ ಕಟ್ಟಿದೆ. ಕಾಡಿಗೆಯಷ್ಟು ಕಪ್ಪು ಹಿನ್ನೆಲೆ, ಆಜ್ಞೆಗಳಿಗೆ ತಿಳಿ ಕಿತ್ತಳೆ, ಅಂಕಿಗಳಿಗೆ ನೀಲಿ. ಕಾಮೆಂಟಿಗೆ ಹಿನ್ನೆಲೆಗಿಂತ ನೂಲಿನಷ್ಟೇ ತಿಳಿಯಾದ ಬೂದು. ನನ್ನ ಸ್ಕ್ರೀನಿನ ಮೇಲೆ ಅದು ಬೇಕೆಂದು ನೋಡಿದರೆ ಕಾಣುತ್ತಿತ್ತು, ಬೇಡವೆಂದರೆ ಇಲ್ಲ. ಆಹಾ, ಎಂಥ ಕೈ ನನ್ನದು ಅಂದುಕೊಂಡೆ. ಅದಕ್ಕೆ ‘ಮೌನ’ ಎಂದು ಹೆಸರಿಟ್ಟೆ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಬಣ್ಣವನ್ನು ಒಳ್ಳೆಯ ಸ್ಕ್ರೀನಿನಲ್ಲಿ ಮಾಡು, ಕೆಟ್ಟ ಸ್ಕ್ರೀನಿನಲ್ಲಿ ಪರೀಕ್ಷಿಸು. ಜನ ಕೆಲಸ ಮಾಡುವ ಕಡೆ ಇರುವುದು ಕೆಟ್ಟ ಸ್ಕ್ರೀನುಗಳೇ. ಅದಕ್ಕೆಂದೇ ನಾನು ಮುಚ್ಚಿಹೋಗುತ್ತಿದ್ದ ಒಂದು ಅಂಗಡಿಯಿಂದ ಹಳೆಯ ಸ್ಕ್ರೀನ್ ತಂದು ಮಂಚದ ಕೆಳಗೆ ಇಟ್ಟಿದ್ದೆ. ಒಂದು ಮೂಲೆ ಹಳದಿ ತಿರುಗಿತ್ತು, ಕಪ್ಪು ಅದರಲ್ಲಿ ಕಪ್ಪಾಗಿ ಕಾಣುತ್ತಲೇ ಇರಲಿಲ್ಲ. ಅದರ ಹೆಸರು ‘ದರಿದ್ರ’. ದರಿದ್ರದಲ್ಲಿ ಬದುಕಿದ ಬಣ್ಣ ಎಲ್ಲಿ ಬೇಕಾದರೂ ಬದುಕುತ್ತದೆ ಎಂದು ಜಂಭ ಕೊಚ್ಚುತ್ತಿದ್ದೆ. ಹಿಂದಿನ ಆರು ಥೀಮ್‌ಗಳನ್ನೂ ಅದರಲ್ಲಿ ಹಾಕಿ ನೋಡಿಯೇ ಹೊರಗೆ ಬಿಟ್ಟವಳು ನಾನು.

‘ಮೌನ’ ಮುಗಿದ ಭಾನುವಾರ ಮಂಚದ ಕೆಳಗೆ ಬಗ್ಗಿ ನೋಡಿದೆ. ಅಮ್ಮ ಅದರ ಮುಂದೆ ಎರಡು ಸೂಟ್‌ಕೇಸು, ಒಂದು ಕಂಬಳಿ ಗಂಟು ಒಟ್ಟಿದ್ದಳು. ಎಲ್ಲ ಎಳೆಯಬೇಕು, ಮತ್ತೆ ಒಳಗೆ ತಳ್ಳಬೇಕು. “ಇರಲಿ ಬಿಡು” ಎಂದುಕೊಂಡು ಎದ್ದೆ. ಅಷ್ಟೇ ಆಗಿದ್ದು. ಸೋಮಾರಿತನಕ್ಕೆ ಇದಕ್ಕಿಂತ ದೊಡ್ಡ ಹೆಸರು ಹುಡುಕಿದ್ದೇನೆ, ಸಿಕ್ಕಿಲ್ಲ.

‘ಮೌನ’ವನ್ನು ಯಾರು ಬೇಕಾದರೂ ಬಳಸಬಹುದು, ತಮ್ಮದರಲ್ಲಿ ಸೇರಿಸಿಕೊಳ್ಳಬಹುದು ಎಂಬ ಪರವಾನಗಿ ಹಾಕಿ ಬಿಟ್ಟೆ. ಮೂರು ತಿಂಗಳಲ್ಲಿ ನಲವತ್ತು ಸಾವಿರ ಜನ ಇಳಿಸಿಕೊಂಡರು. ಕಣ್ಣಿಗೆ ತಂಪು, ಮನಸ್ಸಿಗೆ ತಂಪು ಎಂದು ಹೊಗಳಿದರು, ನಾನು ಉಬ್ಬಿಹೋದೆ. ಯಾರೋ ಒಬ್ಬರು ಮಾತ್ರ, “ನಮ್ಮ ಆಫೀಸಿನ ಸ್ಕ್ರೀನಿನಲ್ಲಿ ಕಾಮೆಂಟ್ ಕಾಣುವುದೇ ಇಲ್ಲ, ದಯವಿಟ್ಟು ನೋಡಿ” ಎಂದು ಬರೆದಿದ್ದರು. “ಕಾಮೆಂಟ್ ಓದಲೇಬೇಕೆಂಬ ಹಟ ಇರುವವರು ಕನ್ನಡಕ ಬದಲಿಸಿಕೊಳ್ಳಲಿ” ಎಂದು ಉತ್ತರ ಕೊಟ್ಟೆ. ಅದಕ್ಕೆ ನೂರಾರು ಜನ ನಕ್ಕರು. ಅಹಂಕಾರಕ್ಕೆ ಉದಾಸೀನ ಮದ್ದು ಎನ್ನುತ್ತಾರೆ. ನನಗೆ ಯಾರೂ ಉದಾಸೀನ ಮಾಡಲಿಲ್ಲ, ಚಪ್ಪಾಳೆ ತಟ್ಟಿದರು.

ಒಂದು ಗುರುವಾರ ನಾನು ಜ್ವರವೆಂದು ಮನೆಯಲ್ಲಿದ್ದೆ. ಮಧ್ಯಾಹ್ನ ಮೂರೂವರೆಗೆ ತಮ್ಮ ಬಾಗಿಲಲ್ಲಿ ಬಂದು ನಿಂತ. ಶೂ ಬಿಚ್ಚಲಿಲ್ಲ, ಒಳಗೂ ಬರಲಿಲ್ಲ. ಅಮ್ಮ “ಯಾಕೋ, ಇಷ್ಟು ಬೇಗ?” ಎಂದು ಕೇಳಿದಳು.

“ಕತ್ತರಿಯಕ್ಕನ ಕೈ ಯಂತ್ರಕ್ಕೆ ಸಿಕ್ಕಿತು,” ಎಂದ. “ಮೂರು ಬೆರಳು ಹೋಯ್ತು. ನನ್ನಿಂದ.”

ಕತ್ತರಿಯಕ್ಕ ಅಲ್ಲಿ ಕತ್ತರಿಸುವ ಯಂತ್ರ ನಡೆಸುವ ಹೆಂಗಸು. ನಲವತ್ತೈದರ ಮೇಲಿನವಳು. ತಮ್ಮ ಹೊಸದಾಗಿ ಸೇರಿದಾಗ ಕಾರ್ಖಾನೆಯನ್ನೆಲ್ಲ ಸುತ್ತಾಡಿಸಿ ತೋರಿಸಿದ್ದು ಅವಳೇ. ಆದದ್ದು ಇಷ್ಟು. ನಿಲ್ಲಿಸುವ ಗುಂಡಿ ಒತ್ತಿದ ಮೇಲೆ ಯಂತ್ರದ ಮುಂದಿನ ಬಾಗಿಲು ನಾಲ್ಕು ಸೆಕೆಂಡು ಕಾದು ಆಮೇಲೆ ತೆರೆದುಕೊಳ್ಳುತ್ತಿತ್ತು. ಗಂಟೆಗೆ ಇನ್ನಷ್ಟು ಪೆಟ್ಟಿಗೆ ಬೇಕು, ಎಲ್ಲೆಲ್ಲಿ ಸಮಯ ಸೋರುತ್ತಿದೆಯೋ ಹುಡುಕು ಎಂದು ಮ್ಯಾನೇಜರು ತಮ್ಮನಿಗೆ ಹೇಳಿದ್ದರು. ತಮ್ಮ ಹುಡುಕಿದ. ಸುಮ್ಮನೆ ಕಾಯುತ್ತಿದ್ದ ಆ ನಾಲ್ಕು ಸೆಕೆಂಡು ಕಣ್ಣಿಗೆ ಬಿತ್ತು. ಆ ಸಾಲು ತೆಗೆದುಹಾಕಿದ. ಮರುದಿನ ಕತ್ತರಿಯಕ್ಕ ಗುಂಡಿ ಒತ್ತಿದಳು, ಬಾಗಿಲು ತಕ್ಷಣ ತೆರೆಯಿತು, ಸಿಕ್ಕಿಕೊಂಡಿದ್ದ ರಟ್ಟಿನ ಚೂರು ತೆಗೆಯಲು ಎಂದಿನಂತೆ ಕೈ ಹಾಕಿದಳು. ಕರೆಂಟು ನಿಂತರೂ ಬ್ಲೇಡು ತನ್ನ ವೇಗಕ್ಕೆ ತಾನು ನಾಲ್ಕು ಸೆಕೆಂಡು ತಿರುಗುತ್ತದೆ.

ಆ ಸಾಲಿನ ಮೇಲೆಯೇ ಪುರಾಣದವರ ಕಾಮೆಂಟ್ ಇತ್ತು. ಇಪ್ಪತ್ತೆರಡು ಸಾಲು. ಮೊದಲ ಹದಿನಾರು ಸಾಲು ಮಂಡಿ, ಟೀ, ಒಂದು ಛತ್ರಿ ಕಳೆದುಹೋದ ಕಥೆ. ಹದಿನೇಳನೆಯದು: ‘ಇದು ದಂಡದ ಕಾಯುವಿಕೆ ಅಲ್ಲ. ಬ್ಲೇಡು ನಿಲ್ಲಲು ನಾಲ್ಕು ಸೆಕೆಂಡು ಬೇಕು. ಇದನ್ನು ತೆಗೆದರೆ ಯಾರದಾದರೂ ಕೈ ಹೋಗುತ್ತದೆ.’

“ನಾನು ನೋಡ್ಲಿಲ್ಲ,” ಎಂದ ತಮ್ಮ. ಶೂ ಹಾಕಿಕೊಂಡೇ ನೆಲದ ಮೇಲೆ ಕೂತಿದ್ದ. “ಅಮ್ಮ, ಆಣೆ ಮಾಡಿ ಹೇಳ್ತೀನಿ, ನಾನು ಅದನ್ನ ನೋಡ್ಲಿಲ್ಲ.”

ಅಮ್ಮ ಅವನ ಶೂ ಬಿಚ್ಚಿದಳು. ಚಿಕ್ಕವನಿದ್ದಾಗ ಬಿಚ್ಚುತ್ತಿದ್ದ ಹಾಗೆಯೇ ಬಿಚ್ಚಿದಳು.

ಮರುದಿನ ಅವನು ಆಸ್ಪತ್ರೆಗೆ ಹೋಗಿ ಬಂದ. ಕತ್ತರಿಯಕ್ಕ ಬೈಯಲಿಲ್ಲವಂತೆ. “ನೀವು ಬರೆಯೋದು ನನಗೆ ಓದೋಕೆ ಬರಲ್ಲಪ್ಪ. ಬಾಗಿಲು ತೆರೆದ್ರೆ ಬ್ಲೇಡು ನಿಂತಿದೆ ಅಂತ ನೀವೇ ಹೇಳಿಕೊಟ್ಟಿದ್ರಿ. ನಂಬಿದ್ದೆ,” ಎಂದಳಂತೆ. ಬೈದಿದ್ದರೆ ಅವನು ಎರಡು ತುತ್ತು ತಿನ್ನುತ್ತಿದ್ದನೋ ಏನೋ.

ಕಂಪನಿ ಅವನನ್ನು ಅಮಾನತು ಮಾಡಿ ವಿಚಾರಣೆಗೆ ಸಮಿತಿ ಹಾಕಿತು. ಬಾಗಿಲಿಗೆ ಕಬ್ಬಿಣದ ಇನ್ನೊಂದು ಬೀಗ ಹಾಕಿಸಬೇಕೆಂಬ ಕಾಗದ ಮೂರು ವರ್ಷದಿಂದ ಮ್ಯಾನೇಜರರ ಮೇಜಿನಲ್ಲೇ ಇತ್ತು. ಅದನ್ನು ಯಾರೂ ಕೇಳಲಿಲ್ಲ. “ವೇಗ ಹೆಚ್ಚಿಸು ಅಂದೆ, ಬೆರಳು ಕತ್ತರಿಸು ಅನ್ನಲಿಲ್ಲ” ಎಂದರಂತೆ ಮ್ಯಾನೇಜರು. ಅಗಸನ ಕೋಪ ಕತ್ತೆಯ ಮೇಲೆ ಎಂಬ ಹಾಗೆ ಎಲ್ಲವೂ ತಮ್ಮನ ಬೆನ್ನಿಗೆ ಬಂತು.

ಭಾನುವಾರ ಬೆಳಗ್ಗೆ ಅಮ್ಮ, ತಮ್ಮ ಇಬ್ಬರೂ ಮತ್ತೆ ಆಸ್ಪತ್ರೆಗೆ ಹೋದರು. ನಾನು ಮನೆಯಲ್ಲಿ ಒಬ್ಬಳೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗುರುವಾರದಿಂದ ನಾನು ನನ್ನ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೆ. ಕಂಬಳಿ ಗಂಟು ಸರಿಸಿದೆ, ಸೂಟ್‌ಕೇಸು ಎಳೆದೆ, ದರಿದ್ರವನ್ನು ಹೊರಗೆ ತೆಗೆದೆ. ತಮ್ಮನ ಮೇಜು ಕಿಟಕಿಯ ಎದುರು, ಬೆಳಕು ನೇರ ಸ್ಕ್ರೀನಿಗೆ ಬೀಳುತ್ತದೆ ಎಂದು ಅವನು ಎಂದೋ ಹೇಳಿದ್ದ. ನಾನೂ ಕಿಟಕಿಯ ಎದುರಿಗೇ ಇಟ್ಟೆ. ‘ಮೌನ’ ಹಾಕಿದೆ. ಅವನು ಮೂರು ದಿನದಿಂದ ಬಾಯಿಪಾಠ ಒಪ್ಪಿಸುತ್ತಿದ್ದ ಆ ಹದಿನೇಳನೆಯ ಸಾಲನ್ನು ಕಾಮೆಂಟಾಗಿ ಟೈಪ್ ಮಾಡಿದೆ.

ಏನೂ ಇರಲಿಲ್ಲ. ಖಾಲಿ ಜಾಗ. ಕೆಳಗಿನ ಕೆಲಸದ ಸಾಲುಗಳು ಕಿತ್ತಳೆ, ನೀಲಿಯಲ್ಲಿ ಮುದ್ದಾಗಿ ಕೂತಿದ್ದವು. ಅಂಗೈಯಿಂದ ಬೆಳಕಿಗೆ ಮರೆ ಮಾಡಿ ಮೂಗು ತಾಗುವಷ್ಟು ಹತ್ತಿರ ಹೋದೆ. ಆಗಲೂ ಕಂಡಿದ್ದು ಧೂಳೋ ಅಕ್ಷರವೋ ಗೊತ್ತಾಗಲಿಲ್ಲ. ಮೌಸ್ ಹಿಡಿದು ಆ ಜಾಗದ ಮೇಲೆ ಎಳೆದೆ. ಆಯ್ಕೆಯಾದ ಸಾಲಿನ ಹಿಂದೆ ಬೆಳ್ಳಗಿನ ಪಟ್ಟಿ ಮೂಡಿ ಅಕ್ಷರಗಳು ಎದ್ದುಬಂದವು. ‘ಯಾರದಾದರೂ ಕೈ ಹೋಗುತ್ತದೆ.’

ಅಳಬೇಕಿತ್ತು, ಅಳು ಬರಲಿಲ್ಲ, ಭಯ ಬಂತು. ದರಿದ್ರವನ್ನು ಮಂಚದ ಕೆಳಗೆ ತಳ್ಳಿ, ಸೂಟ್‌ಕೇಸು, ಕಂಬಳಿ ಮೊದಲಿನಂತೆಯೇ ಒಟ್ಟಿದೆ. ಅಮ್ಮ ಬರುವ ಹೊತ್ತಿಗೆ ಅನ್ನಕ್ಕೆ ಇಟ್ಟಿದ್ದೆ.

ಹೇಳಬಹುದಾಗಿತ್ತು. ಅವತ್ತೇ, ಊಟಕ್ಕೆ ಕೂತಾಗ. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಸೋಮವಾರ ಒಂದು ಪತ್ರ ಬಂತು. ಅರ್ಧ ಲೋಕ ಬಳಸುವ ಎಡಿಟರ್ ಮಾಡುವ ಕಂಪನಿಯವರದು. ತಮ್ಮ ಹೊಸ ಆವೃತ್ತಿಯಲ್ಲಿ ‘ಮೌನ’ವನ್ನು ಮೊದಲೇ ಹಾಕಿ ಕೊಡುವ ಯೋಚನೆಯಿದೆ, ನನ್ನ ಹೆಸರಿನೊಂದಿಗೆ. ಅದನ್ನು ಎಂಟು ಸಲ ಓದಿದೆ. ಮನೆಯಲ್ಲಿ ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದ, ಪಕ್ಕದ ಕೋಣೆಯಲ್ಲಿ ನಾನು ಪತ್ರ ಓದಿ ಒಳಗೊಳಗೇ ಹಿಗ್ಗುತ್ತಿದ್ದೆ. ಎರಡೂ ನಿಜ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆ ವಾರವೆಲ್ಲ ಓಡಾಡಿದೆ.

ಬುಧವಾರ ಪುರಾಣದವರು ಮನೆಗೆ ಬಂದರು. ಮಂಡಿ ನೋವಿನ ಕಾಲಿನಲ್ಲಿ ಎರಡು ಮಹಡಿ ಹತ್ತಿ ಬಂದಿದ್ದರು. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಉಸಿರು ತೆಗೆದುಕೊಂಡರು. ಪುರಾಣ ಹೇಳಲಿಲ್ಲ.

“ತಪ್ಪು ನಂದಪ್ಪ,” ಎಂದರು ತಮ್ಮನಿಗೆ. “ಮೊದಮೊದಲು ನಾನೂ ಚುಟುಕಾಗೇ ಬರೀತಿದ್ದೆ. ಯಾರೂ ಓದ್ತಾ ಇರಲಿಲ್ಲ. ಕಥೆ ಸೇರಿಸಿದ್ರೆ ನಗೋಕಾದ್ರೂ ಓದ್ತಾರೆ, ಓದ್ತಾ ಓದ್ತಾ ಮುಖ್ಯವಾದ ಮಾತೂ ಕಣ್ಣಿಗೆ ಬೀಳುತ್ತೆ ಅಂದುಕೊಂಡೆ. ಮೊದಲನೇ ಸಾಲಲ್ಲೇ ಹೇಳಬೇಕಿತ್ತು. ಹದಿನೇಳಕ್ಕೆ ಇಟ್ಟೆ.”

“ನಿಮ್ಮ ತಪ್ಪಲ್ಲ ಸರ್,” ಎಂದ ತಮ್ಮ.

“ನಿಂದೂ ಅಲ್ಲ ಅಂತ ಹೇಳೋಕೆ ಬಂದೆ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಷ್ಟುದ್ದ ಇತ್ತಲ್ಲ, ನಿನಗೆ ಕಾಣಲೇ ಇಲ್ವಾ?”

ನಾನು ಟೀ ಲೋಟ ಹಿಡಿದು ಅವರ ಮುಂದೆಯೇ ನಿಂತಿದ್ದೆ. ತಮ್ಮ ನನ್ನತ್ತ ನೋಡಿದ. ಒಂದು ಗಳಿಗೆ ನೋಡಿದ ಅಷ್ಟೆ. ನಾನು ಲೋಟವನ್ನು ಮುದುಕರ ಮುಂದೆ ಚಾಚಿದೆ. “ಗೊತ್ತಿಲ್ಲ ಸರ್” ಎಂದು ಅವನು ತಲೆ ತಗ್ಗಿಸಿದ. ಮುದುಕರು ನನ್ನ ಕೈಯಿಂದ ಲೋಟ ತೆಗೆದುಕೊಂಡು, “ಟೀ ಚೆನ್ನಾಗಿದೆಯಮ್ಮ” ಎಂದರು. ಇನ್ನೂ ಕುಡಿದೇ ಇರಲಿಲ್ಲ.

ಹೀಗೆ ಹತ್ತು ದಿನ ಕಳೆಯಿತು. ಅವನು ಊಟ ಬಿಟ್ಟ, ಮಾತು ಬಿಟ್ಟ. ಕೊನೆಗೊಂದು ಬೆಳಗ್ಗೆ ಬಚ್ಚಲಿನಲ್ಲಿ ಕನ್ನಡಿ ನೋಡುತ್ತ, “ನನ್ನ ಕಣ್ಣು ಸರಿ ಇದೆಯೋ ಇಲ್ವೋ” ಎಂದು ತನ್ನಷ್ಟಕ್ಕೆ ಹೇಳಿಕೊಂಡಿದ್ದು ಕೇಳಿಸಿತು. ಆ ಮಾತು ನನ್ನ ಎದೆಗೆ ನಾಟಿತು. ಮರುದಿನ ಸಮಿತಿಯ ಕೊನೆಯ ತೀರ್ಮಾನ. ಅವತ್ತೇ ನಾನು ಆಫೀಸಿಗೆ ಹೋಗುತ್ತೇನೆಂದು ಹೇಳಿ, ಅವನು ಸ್ನಾನಕ್ಕಿಳಿದಾಗ ದರಿದ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಟ್ಯಾಕ್ಸಿಗೆ ಹಾಕಿಕೊಂಡು ಕಾರ್ಖಾನೆಗೆ ಹೋದೆ.

ಸಮಿತಿಯ ಮುಖ್ಯಸ್ಥೆ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಹೆಂಗಸು. ಒಳ್ಳೆಯವರೇ. ಮ್ಯಾನೇಜರು ಪಕ್ಕದಲ್ಲಿದ್ದರು. ನಾನು ಎಲ್ಲ ಹೇಳಿದೆ. ಥೀಮ್ ನನ್ನದು, ಬೂದು ನನ್ನದು, ಪರೀಕ್ಷೆ ಮಾಡದೆ ಬಿಟ್ಟವಳು ನಾನು ಎಂದೆ. ದರಿದ್ರವನ್ನು ಕಿಟಕಿಗೆ ಎದುರಾಗಿ ಇಟ್ಟು ತೋರಿಸಿದೆ. ಆಕೆ ಬಗ್ಗಿ ನೋಡಿದರು. “ನಿಜ, ಏನೂ ಕಾಣಲ್ಲ,” ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಆಕೆ ಫೈಲಿನಿಂದ ಒಂದು ಫೋಟೋ ತೆಗೆದು ನನ್ನ ಮುಂದಿಟ್ಟರು. “ಅವತ್ತು ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ತಮ್ಮನ ಸ್ಕ್ರೀನಿನ ಫೋಟೋ ತೆಗೆದಿದ್ದೀವಿ. ಇದು ನಿಮ್ಮ ಬಣ್ಣನಾ?”

ಬಿಳಿ ಹಿನ್ನೆಲೆ. ಅದರ ಮೇಲೆ ಪುರಾಣದವರ ಇಪ್ಪತ್ತೆರಡು ಸಾಲು ದಟ್ಟ ಹಸಿರಿನಲ್ಲಿ ಎದ್ದು ಕಾಣುತ್ತಿದ್ದವು. ಎಡಿಟರಿನ ಜೊತೆಗೇ ಬರುವ ಮಾಮೂಲಿ ಬಣ್ಣ ಅದು.

“ಅಲ್ಲ,” ಎಂದೆ. “ಇದು ಬದಲಾಗಿದೆ. ಯಾವಾಗ ಬದಲಾಯ್ತು ಅಂತ ಅವನ ಕಂಪ್ಯೂಟರಿನಲ್ಲಿ ದಾಖಲೆ ಇರುತ್ತೆ. ನೋಡಿ.”

“ಅದರಲ್ಲಿದ್ದದ್ದೆಲ್ಲ ಅಳಿಸಿ ಹೊಸಬರಿಗೆ ಕೊಟ್ಟಾಯ್ತು,” ಎಂದರು ಮ್ಯಾನೇಜರು. “ಮೊನ್ನೆ ಸೋಮವಾರ.”

“ಹೋದ ವಾರ ಬಂದಿದ್ರೆ ನೋಡಬಹುದಿತ್ತು,” ಎಂದರು ಆಕೆ. “ನಿಮ್ಮ ತಮ್ಮ ಮೂರು ಸಲ ನಮ್ಮ ಮುಂದೆ ಕೂತಿದ್ದಾರೆ. ಒಂದು ಸಲಾನೂ ಬಣ್ಣದ ಮಾತು ಎತ್ತಲಿಲ್ಲ. ಇವತ್ತು ನೀವು ಬಂದು ಹೇಳ್ತೀರಿ.” ಆಮೇಲೆ ಕನ್ನಡಕ ತೆಗೆದು, ನನ್ನ ಕೈ ಮೇಲೆ ಕೈ ಇಟ್ಟರು. “ತಮ್ಮನ ಮೇಲೆ ಪ್ರೀತಿ ಇರುತ್ತೆ. ಅರ್ಥ ಆಗುತ್ತೆ ಕಣಮ್ಮ.”

ಬದುಕಿನಲ್ಲಿ ಒಂದೇ ಒಂದು ಸಲ ಮರ್ಯಾದೆ ಬಿಟ್ಟು ನಿಜ ಹೇಳಿದ್ದೆ. ಅದನ್ನು ಅವರು ಸುಳ್ಳು ಅಂತ ಕ್ಷಮಿಸಿಬಿಟ್ಟರು.

ಮನೆಗೆ ಬಂದಾಗ ತಮ್ಮ ಕಿಟಕಿಯ ಪಕ್ಕ ಕೂತಿದ್ದ. ಅಮ್ಮ ಅಡುಗೆಮನೆಯಲ್ಲಿದ್ದಳು. ದರಿದ್ರವನ್ನು ನೆಲದ ಮೇಲಿಟ್ಟೆ. ಅವನು ಬೆಡ್‌ಶೀಟ್ ನೋಡಿದ, ನನ್ನನ್ನು ನೋಡಿದ.

“ಹೋಗಿದ್ದೆಯಾ?” ಎಂದ.

“ಥೀಮ್ ಯಾಕೋ ಬದಲಾಯಿಸಿದೆ?”

“ಎಲ್ಲರೂ ಕತ್ತರಿಯಕ್ಕನ್ನ ಎತ್ತಿಕೊಂಡು ಹೊರಗೆ ಓಡಿದ್ರು. ನಾನು ಮೇಜಿಗೆ ಬಂದು ಆ ಜಾಗ ತೆರೆದೆ. ಏನೂ ಇರಲಿಲ್ಲ. ಸುಮ್ನೆ ಮೌಸ್ ಎಳೆದೆ, ಬಂತು. ಆಗ ಗೊತ್ತಾಯ್ತು. ಸ್ಕ್ರೀನಿನ ಕೆಳಗಡೆ ನಿನ್ನ ಹೆಸರು ಇತ್ತು. ಥೀಮ್ ಹೆಸರು, ಪಕ್ಕದಲ್ಲಿ ನಿನ್ನ ಹೆಸರು. ಯಾರಾದ್ರೂ ಬಂದು ನೋಡ್ತಾರೆ ಅನ್ನಿಸ್ತು. ಬದಲಾಯಿಸಿಬಿಟ್ಟೆ. ಬೇರೆ ಏನೂ ಯೋಚನೆ ಮಾಡ್ಲಿಲ್ಲ.”

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ನಿನಗೆ ಗೊತ್ತಾಗೋದೇ ಬೇಡ ಅಂದುಕೊಂಡಿದ್ದೆ.” ಅವನು ಮಂಚದ ಕಡೆ ಕೈ ತೋರಿಸಿದ. “ಆ ಭಾನುವಾರ ಆಸ್ಪತ್ರೆಯಿಂದ ಬಂದಾಗ ಮಂಚದ ಕೆಳಗೆ ಧೂಳಿನಲ್ಲಿ ಎಳೆದ ಗುರುತಿತ್ತು. ಓ, ಅಕ್ಕ ನೋಡಿದ್ದಾಳೆ ಅಂತ ಗೊತ್ತಾಯ್ತು. ಅವತ್ತಿಂದ ಕಾದೆ. ನೀನು ಬಂದು ಹೇಳಿದ್ರೆ ಇಬ್ಬರೂ ಹೋಗಿ ಹೇಳೋಣ ಅಂತ. ನೀನು ಹೇಳದೆ ನಾನು ಹೇಗೆ ಹೇಳ್ಲಿ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಲು ಹಿಡಿಯುತ್ತಿದ್ದೆ. ಹತ್ತು ದಿನ ಒಂದೇ ಸೂರಿನ ಕೆಳಗೆ, ಒಂದೇ ತಟ್ಟೆಯ ದೂರದಲ್ಲಿ, ಅವನು ನನ್ನ ಬಾಯಿ ನೋಡುತ್ತ ಕೂತಿದ್ದ. ಪುರಾಣದವರ ಮುಂದೆ ನನ್ನತ್ತ ನೋಡಿದ್ದೂ ಅದಕ್ಕೇ. ನಾನು ಟೀ ಲೋಟ ಹಿಡಿದು ನಿಂತಿದ್ದೆ.

ಗುರುವಾರ ಅವನನ್ನು ಕೆಲಸದಿಂದ ತೆಗೆದರು. ಕಾರಣ, ಸ್ಪಷ್ಟವಾಗಿ ಕಾಣುತ್ತಿದ್ದ ಎಚ್ಚರಿಕೆಯನ್ನು ಕಡೆಗಣಿಸಿದ್ದು.

ನಾನು ಕತ್ತರಿಯಕ್ಕನ ಮನೆಗೂ ಹೋದೆ. ಬ್ಯಾಂಡೇಜಿನ ಕೈಯನ್ನು ಮಡಿಲಿನಲ್ಲಿಟ್ಟುಕೊಂಡು ಎಲ್ಲ ಕೇಳಿದಳು. “ಬಣ್ಣದಿಂದ ಬೆರಳು ಹೋಗುತ್ತೇನಮ್ಮ?” ಎಂದಳು. ನಾನು ಮತ್ತೆ ಮೊದಲಿನಿಂದ ವಿವರಿಸಿದೆ. ನಡುವೆಯೇ ತಡೆದು, “ಸಾಕು ಬಿಡು. ಹೋಗಿ ತಮ್ಮನ್ನ ನೋಡ್ಕೋ. ಇಲ್ಲಿಗೆ ಬಂದಾಗೆಲ್ಲ ನನ್ನ ಕೈ ನೋಡಲ್ಲ ಅವನು, ಬಾಗಿಲು ನೋಡ್ತಾ ಕೂತಿರ್ತಾನೆ,” ಎಂದಳು. ಬಾಗಿಲ ತನಕ ಬಂದು ಕಳಿಸಿಕೊಟ್ಟಳು. ಎಡಗೈಯಲ್ಲಿ ಚಿಲಕ ತೆಗೆಯುವುದನ್ನು ಇನ್ನೂ ಕಲಿಯುತ್ತಿದ್ದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ‘ಮೌನ’ದಲ್ಲಿ ಕಾಮೆಂಟಿನ ಬಣ್ಣ ಬದಲಿಸಿದೆ. ದರಿದ್ರದಲ್ಲೂ ಮಾರು ದೂರದಿಂದ ಓದಬಹುದಾದ ಹಳದಿ ಹಾಕಿ ಹೊಸ ಆವೃತ್ತಿ ಬಿಟ್ಟೆ. ಯಾಕೆ ಎಂದು ನಡೆದದ್ದನ್ನೆಲ್ಲ ಬರೆದೆ. ಎರಡೇ ದಿನದಲ್ಲಿ ಸಾವಿರ ಜನ ಬೈದರು. ಕಣ್ಣಿಗೆ ಚುಚ್ಚುತ್ತದೆ, ಹಳೆಯದೇ ಚೆನ್ನಾಗಿತ್ತು ಎಂದರು. ಒಬ್ಬ ಮಹಾಶಯ ನನ್ನ ಮಾತನ್ನೇ ನನಗೆ ತಿರುಗಿಸಿ, ಕಾಮೆಂಟ್ ಓದಲೇಬೇಕೆಂಬ ಹಟ ಇರುವವರು ಕನ್ನಡಕ ಬದಲಿಸಿಕೊಳ್ಳಲಿ ಎಂದು ಬರೆದ. ಅದಕ್ಕೂ ನೂರಾರು ಜನ ನಕ್ಕರು. ಹೆಚ್ಚಿನವರು ಹಳೆಯ ಆವೃತ್ತಿಗೇ ಮರಳಿದರು.

ಎಡಿಟರ್ ಕಂಪನಿಗೆ ಬೇಡವೆಂದು ಬರೆದೆ. ಹಾಕುವುದಾದರೆ ಹೊಸದನ್ನು ಹಾಕಿ ಎಂದು ಬೇಡಿಕೊಂಡೆ. ತುಂಬ ಗೌರವದ ಉತ್ತರ ಬಂತು. ಜನರಿಗೆ ಹಳೆಯದೇ ಇಷ್ಟ ಎಂದು ತಮ್ಮ ಪರೀಕ್ಷೆಯಲ್ಲಿ ಕಂಡುಬಂದಿದೆ, ನಾನೇ ಹಾಕಿದ ಪರವಾನಗಿಯ ಪ್ರಕಾರ ಬಳಸಲು ನನ್ನ ಒಪ್ಪಿಗೆ ಬೇಕಿಲ್ಲ, ಪರವಾನಗಿಯ ಪ್ರಕಾರವೇ ನನ್ನ ಹೆಸರನ್ನು ತೆಗೆಯುವಂತೆಯೂ ಇಲ್ಲ. ಮಾಡಿದ್ದುಣ್ಣೋ ಮಹಾರಾಯ. ಈಗ ಅದು ಎಷ್ಟು ಕಡೆ ತೆರೆದುಕೊಂಡಿದೆಯೋ, ಎಂಥೆಂಥ ಕಿಟಕಿಗಳ ಎದುರು ಎಂಥೆಂಥ ದರಿದ್ರ ಸ್ಕ್ರೀನುಗಳ ಮೇಲೆ ಯಾರು ಯಾರಿಗೆ ಬರೆದಿಟ್ಟ ಎಚ್ಚರಿಕೆಯನ್ನು ನುಂಗುತ್ತಿದೆಯೋ, ನನಗೆ ಗೊತ್ತಿಲ್ಲ. ಅದನ್ನು ಯೋಚಿಸದ ದಿನವಿಲ್ಲ.

ಏಳು ತಿಂಗಳ ನಂತರ ತಮ್ಮನಿಗೆ ಇನ್ನೊಂದು ಕಡೆ ಕೆಲಸ ಸಿಕ್ಕಿತು. ಪುರಾಣದವರೇ ಯಾರದೋ ಕೈಕಾಲು ಹಿಡಿದು ಕೊಡಿಸಿದ್ದು. ಗೋದಾಮಿನ ಲೆಕ್ಕಾಚಾರದ ಪ್ರೋಗ್ರಾಂ, ಬ್ಲೇಡಿಲ್ಲ, ಬಾಗಿಲಿಲ್ಲ. ಮೊದಲ ದಿನ ಅಮ್ಮ ಅವನ ಅಂಗಿಗೆ ತಾನೇ ಇಸ್ತ್ರಿ ಹಾಕಿದಳು, ಡಬ್ಬಿ ಕಟ್ಟಿದಳು. ಸಂಜೆ ಅವನು ಬಂದಾಗ ಬಾಗಿಲಲ್ಲೇ “ಹೇಗಿತ್ತೋ?” ಎಂದು ಕೇಳಿದಳು.

“ಚೆನ್ನಾಗಿತ್ತಮ್ಮ,” ಎಂದ.

ಅಮ್ಮ ಒಳಗೆ ಹೋದ ಮೇಲೆ ಅವನು ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ನಿಂತ. ಅನ್ನ ಹಾಗೇ ಇತ್ತು. ನಾನು ಪಕ್ಕಕ್ಕೆ ಹೋದೆ.

“ಹೊಸ ಎಡಿಟರ್ ಹಾಕಿಕೊಟ್ರು ಅಕ್ಕ,” ಎಂದ, ನಲ್ಲಿಯನ್ನೇ ನೋಡುತ್ತ. “ತೆರೆದ ಕೂಡಲೇ ‘ಮೌನ’ ಬಂತು. ಮೊದಲೇ ಹಾಕಿಟ್ಟಿರ್ತಾರಂತೆ. ಕೆಳಗೆ ನಿನ್ನ ಹೆಸರಿತ್ತು.”

“ಬದಲಾಯಿಸಿದೆಯಾ?”

“ಇಲ್ಲ. ಅಲ್ಲಿ ಸ್ಕ್ರೀನ್ ಒಳ್ಳೇದಿದೆ. ಕಾಮೆಂಟ್ ಎಲ್ಲ ಕಾಣುತ್ತೆ.” ಡಬ್ಬಿಯ ಮುಚ್ಚಳವನ್ನು ತೊಳೆದಿದ್ದನ್ನೇ ಮತ್ತೆ ತೊಳೆದ. “ಆದ್ರೂ ಖಾಲಿ ಕಂಡ ಕಡೆಯೆಲ್ಲ ಮೌಸ್ ಎಳೀತಾ ಕೂತಿದ್ದೆ. ಬೆಳಗ್ಗೆಯಿಂದ ಸಂಜೆ ತನಕ. ಒಂದು ಸಾಲೂ ಬರೀಲಿಲ್ಲ. ಪಕ್ಕದವನು ಏನು ಹುಡುಕ್ತಾ ಇದ್ದೀರಿ ಅಂತ ಕೇಳಿದ.”

“ಏನಂದೆ?”

“ಏನೂ ಇಲ್ಲ ಅಂದೆ.”

ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಕೋಣೆಗೆ ಹೋದ. ಮರುದಿನ ಬೆಳಗ್ಗೆ ಅಮ್ಮ ಎಂದಿನಂತೆ ಡಬ್ಬಿ ಕಟ್ಟಿ ಶೂಗಳ ಪಕ್ಕ ಇಟ್ಟಳು. ಎಂಟು ಗಂಟೆಯಾಯಿತು, ಒಂಬತ್ತಾಯಿತು, ಅವನು ಗೋಡೆಗೆ ಮುಖ ಮಾಡಿ ಮಲಗೇ ಇದ್ದ. ಹತ್ತೂವರೆಗೆ ಡಬ್ಬಿಯನ್ನು ಅಲ್ಲಿಂದ ಎತ್ತಿ ಅಡುಗೆಮನೆಗೆ ಒಯ್ದಿದ್ದು ನಾನು.